ಮಕ್ಕಳ ಆಸ್ಪತ್ರೆಗೊಂದು ನಾಟಕದ ದತ್ತಿ

ದಾನವು ಎರಡು ಬಗೆ. ಕೊಡುವವನು ಬದುಕಿದ್ದಾಗಲೇ ತನ್ನ ಕೈಯಾರೆ ಕೊಡುವುದು ಒಂದು. ತಾನು ತೀರಿಕೊಂಡ ಮೇಲೆ ತನ್ನ ಆಸ್ತಿಯಲ್ಲಿ ಇಂತಿಷ್ಟು ಭಾಗ ಇಂಥ ಸತ್ಕಾರ್ಯಕ್ಕೆ ಸಲ್ಲಲೆಂದು ಬರೆದಿಡುವುದು ಮತ್ತೊಂದು. ಮೊದಲನೆಯದರಲ್ಲಿ ಕೊಟ್ಟವನು ಪಡೆದವನ ಮುಖವನ್ನು ನೋಡಬಲ್ಲ. ಎರಡನೆಯದರಲ್ಲಿ ಆ ಸುಖವೂ ಇಲ್ಲ. ಯಾರಿಗೆ ಸಲ್ಲುವುದೋ ಆ ಮಗು ಇನ್ನೂ ಹುಟ್ಟಿಯೇ ಇರಲಾರದು. ಆದರೂ ಮನುಷ್ಯರು ಹೀಗೆ ಕೊಡುತ್ತ ಬಂದಿದ್ದಾರೆ. ನಮ್ಮ ನಾಡಿನ ದಾನಶಾಸನಗಳ ಕಲ್ಲಿನ ಮೇಲ್ಭಾಗದಲ್ಲಿ ಸೂರ್ಯ ಚಂದ್ರರನ್ನು ಕೆತ್ತಿರುವುದನ್ನು ನಾವೆಲ್ಲ ಕಂಡಿದ್ದೇವೆ. ಅವರಿಬ್ಬರೂ ಇರುವ ತನಕ ಈ ದತ್ತಿ ನಡೆಯಲಿ ಎಂಬುದು ಅದರ ಅರ್ಥ. ಕೊನೆಯಲ್ಲಿ ದತ್ತಿಯನ್ನು ಅಳಿದವನಿಗೆ ಘೋರ ಪಾಪ ತಟ್ಟಲೆಂಬ ಶಾಪವಾಕ್ಯವೂ ಇರುತ್ತದೆ. ಕೊಡುವವನಿಗೆ ಆಗಲೂ ಒಂದು ಭಯ ಇತ್ತೆಂಬುದಕ್ಕೆ ಇದೇ ಸಾಕ್ಷಿ: ನಾನು ಹೋದ ಮೇಲೆ ಇದು ಉಳಿದೀತೆ?

ಈ ಪ್ರಶ್ನೆಯನ್ನೇ ಮುಂದಿಟ್ಟುಕೊಂಡು, ಕಠಿಣ ರೋಗದಿಂದ ನರಳುವ ಮಕ್ಕಳಿಗಾಗಿ ಬಿಟ್ಟುಹೋದ ಕೆಲವು ದತ್ತಿಗಳ ಕಥೆಯನ್ನು ವಿಚಾರಮಾಡುವುದು ಈ ಲೇಖನದ ಉದ್ದೇಶ. ಅವುಗಳಲ್ಲಿ ಮುಖ್ಯವಾದುದು ಒಂದು ನಾಟಕದ ಕಥೆ. ಇಂಗ್ಲಿಷ್ ಸಾಹಿತ್ಯದ ವಿದ್ಯಾರ್ಥಿಯಾಗಿ ನಾನು ಅದನ್ನು ಮೊದಲು ನಾಟಕವೆಂದೇ ಓದಿದೆ. ಅದೊಂದು ಆಸ್ತಿಯೂ ಹೌದೆಂಬುದು ನನಗೆ ತಿಳಿದದ್ದು ಆಮೇಲೆ.

೧. ಆಸ್ಪತ್ರೆ

ಹತ್ತೊಂಬತ್ತನೆಯ ಶತಮಾನದ ನಡುಭಾಗದವರೆಗೆ ಲಂಡನ್ನಿನಂಥ ಮಹಾನಗರದಲ್ಲಿ ಮಕ್ಕಳನ್ನೇ ಒಳರೋಗಿಗಳಾಗಿ ಇರಿಸಿಕೊಂಡು ಶುಶ್ರೂಷೆ ಮಾಡುವ ಆಸ್ಪತ್ರೆ ಒಂದೂ ಇರಲಿಲ್ಲ. ಪ್ಯಾರಿಸ್ಸಿನಲ್ಲಿ ೧೮೦೨ರಲ್ಲಿಯೇ ಮಕ್ಕಳ ಆಸ್ಪತ್ರೆ ಪ್ರಾರಂಭವಾಗಿತ್ತು. ಚಾರ್ಲ್ಸ್ ವೆಸ್ಟ್ ಎಂಬ ವೈದ್ಯನ ಪ್ರಯತ್ನದಿಂದ ೧೮೫೨ನೆಯ ಇಸವಿ ಫೆಬ್ರವರಿ ೧೪ರಂದು ಲಂಡನ್ನಿನ ಗ್ರೇಟ್ ಆರ್ಮಂಡ್ ಸ್ಟ್ರೀಟ್ ಎಂಬ ಬೀದಿಯ ೪೯ನೆಯ ನಂಬರಿನ ಹಳೆಯ ಮನೆಯಲ್ಲಿ ಹತ್ತು ಹಾಸಿಗೆಗಳ ಆಸ್ಪತ್ರೆಯೊಂದು ತೆರೆಯಿತು. ಮಗುವೆಂದರೆ ಚಿಕ್ಕ ಗಾತ್ರದ ದೊಡ್ಡವನಲ್ಲ, ಅದರ ರೋಗಗಳೂ ಬೇರೆ, ಅದನ್ನು ನೋಡಿಕೊಳ್ಳುವ ಕ್ರಮವೂ ಬೇರೆ ಎಂಬುದು ವೆಸ್ಟನ ನಂಬಿಕೆ. ರೋಗಿ ಮಕ್ಕಳ ಆರೈಕೆಯನ್ನು ಕುರಿತು ದಾದಿಯರಿಗಾಗಿ ಅವನು ೧೮೫೪ರಲ್ಲಿ ಒಂದು ಪುಸ್ತಕವನ್ನೂ ಬರೆದ.

ಈ ಆಸ್ಪತ್ರೆ ಸರ್ಕಾರದ ಹಣದಿಂದ ನಡೆದದ್ದಲ್ಲ, ಸಾರ್ವಜನಿಕರ ಚಂದಾ ಮತ್ತು ದತ್ತಿಗಳಿಂದ ನಡೆದದ್ದು. ಆದುದರಿಂದ ಹಣದ ಮುಗ್ಗಟ್ಟು ಅದನ್ನು ಬಿಡಲಿಲ್ಲ. ೧೮೫೮ರಲ್ಲಿ ಕಾದಂಬರಿಕಾರ ಚಾರ್ಲ್ಸ್ ಡಿಕೆನ್ಸ್ ಅದರ ಸಹಾಯಾರ್ಥ ನಡೆದ ಔತಣಕೂಟದಲ್ಲಿ ಭಾಷಣ ಮಾಡಿದ. ತನ್ನ ಕ್ರಿಸ್ಮಸ್ ಕಥೆಯನ್ನು ಸಭೆಯ ಮುಂದೆ ತಾನೇ ಓದಿ ಹಣ ಕೂಡಿಸಿಕೊಟ್ಟ. ಅದರಿಂದ ಆಸ್ಪತ್ರೆ ಪಕ್ಕದ ಮನೆಯನ್ನೂ ಕೊಂಡು ಹಾಸಿಗೆಗಳನ್ನು ಹೆಚ್ಚಿಸಲು ಸಾಧ್ಯವಾಯಿತು. ಸಾಹಿತಿಗೂ ಈ ಆಸ್ಪತ್ರೆಗೂ ನಂಟು ಬೆಳೆದದ್ದು ಅಲ್ಲಿಂದ.

೨. ದಾನಿ

ಜೇಮ್ಸ್ ಮ್ಯಾಥ್ಯೂ ಬ್ಯಾರಿ ಸ್ಕಾಟ್ಲೆಂಡಿನ ಕಿರಿಮ್ಯೂರ್ ಎಂಬ ಚಿಕ್ಕ ಊರಿನಲ್ಲಿ ೧೮೬೦ರಲ್ಲಿ ಹುಟ್ಟಿದವನು. ತಂದೆ ನೇಕಾರ. ಬ್ಯಾರಿಗೆ ಆರು ವರ್ಷವಾಗಿದ್ದಾಗ ಅವನ ಅಣ್ಣ ಡೇವಿಡ್ ಹಿಮದ ಮೇಲೆ ಜಾರಾಟದ ಅಪಘಾತದಲ್ಲಿ ತೀರಿಕೊಂಡ. ಅಣ್ಣನಿಗೆ ಇನ್ನೂ ಹದಿನಾಲ್ಕು ತುಂಬಿರಲಿಲ್ಲ. ತಾಯಿ ಆ ದುಃಖದಿಂದ ಮೇಲೇಳಲೇ ಇಲ್ಲ. ಸತ್ತ ಮಗ ಇನ್ನು ಎಂದಿಗೂ ದೊಡ್ಡವನಾಗುವುದಿಲ್ಲ, ಹುಡುಗನಾಗಿಯೇ ಉಳಿಯುತ್ತಾನೆ ಎಂಬ ಒಂದು ಸಮಾಧಾನ ಮಾತ್ರ ಆಕೆಗಿತ್ತಂತೆ. ಎಂದಿಗೂ ದೊಡ್ಡವನಾಗದ ಹುಡುಗನ ಕಥೆಯನ್ನು ಮುಂದೆ ಬ್ಯಾರಿ ಬರೆದದ್ದಕ್ಕೆ ಇದೂ ಒಂದು ಮೂಲವೆಂದು ವಿಮರ್ಶಕರು ಹೇಳುವುದುಂಟು.

ಆ ಕಥೆಯೇ ‘ಪೀಟರ್ ಪ್ಯಾನ್’. ಅದು ನಾಟಕವಾಗಿ ಮೊದಲು ರಂಗಕ್ಕೆ ಬಂದದ್ದು ೧೯೦೪ನೆಯ ಇಸವಿ ಡಿಸೆಂಬರ್ ೨೭ರಂದು, ಲಂಡನ್ನಿನಲ್ಲಿ. ೧೯೧೧ರಲ್ಲಿ ಅದೇ ಕಥೆ ಕಾದಂಬರಿಯಾಯಿತು. ಪೀಟರ್ ಎಂಬ ಹುಡುಗ ರಾತ್ರಿ ಕಿಟಕಿಯಿಂದ ಹಾರಿ ಬಂದು ವೆಂಡಿಯನ್ನೂ ಅವಳ ಇಬ್ಬರು ತಮ್ಮಂದಿರನ್ನೂ ತನ್ನ ದ್ವೀಪಕ್ಕೆ ಕರೆದೊಯ್ಯುತ್ತಾನೆ. ಅಲ್ಲಿ ಕಡಲುಗಳ್ಳರಿದ್ದಾರೆ, ಗಡಿಯಾರ ನುಂಗಿದ ಮೊಸಳೆಯಿದೆ. ಪೀಟರನನ್ನು ಉಳಿಸಲು ವಿಷ ಕುಡಿದು ಸಾಯುತ್ತಿರುವ ಪುಟ್ಟ ಯಕ್ಷಿಣಿಯನ್ನು ಬದುಕಿಸಬೇಕಾದರೆ ನಾಟಕ ನೋಡುತ್ತಿರುವ ಮಕ್ಕಳೆಲ್ಲ ಚಪ್ಪಾಳೆ ತಟ್ಟಬೇಕು. ಈ ದೃಶ್ಯಕ್ಕೆ ಸೋಲದ ಪ್ರೇಕ್ಷಕರಿಲ್ಲ. ನಾಟಕ ವರ್ಷ ವರ್ಷವೂ ಕ್ರಿಸ್ಮಸ್ ಕಾಲದಲ್ಲಿ ನಡೆಯುತ್ತ ಬಂದು ಕರ್ತೃವಿಗೆ ಅಪಾರ ಹಣವನ್ನೂ ತಂದಿತು.

೧೯೨೯ರಲ್ಲಿ ಆಸ್ಪತ್ರೆಯವರು ಹೊಸ ಕಟ್ಟಡಕ್ಕಾಗಿ ನಿವೇಶನ ಕೊಳ್ಳಲು ಒಂದು ಸಮಿತಿ ಮಾಡಿ, ಅದರಲ್ಲಿ ಸದಸ್ಯನಾಗಬೇಕೆಂದು ಬ್ಯಾರಿಯನ್ನು ಕೇಳಿಕೊಂಡರು. ಅವನು ಒಪ್ಪಲಿಲ್ಲ; ಬೇರೆ ರೀತಿಯಿಂದ ಸಹಾಯ ಮಾಡಲು ನೋಡುತ್ತೇನೆಂದ. ಇಂಥ ಮಾತನ್ನು ಸಾಮಾನ್ಯವಾಗಿ ಜಾರಿಕೊಳ್ಳುವವರು ಆಡುತ್ತಾರೆ. ಆದರೆ ಕೆಲವೇ ತಿಂಗಳಲ್ಲಿ ಅವನು ‘ಪೀಟರ್ ಪ್ಯಾನ್’ ಕೃತಿಯ ಸಮಸ್ತ ಹಕ್ಕುಗಳನ್ನೂ ಆಸ್ಪತ್ರೆಗೆ ಬರೆದುಕೊಟ್ಟ. ತಾನು ೧೯೩೭ರಲ್ಲಿ ತೀರಿಕೊಂಡಾಗ ತನ್ನ ಉಯಿಲಿನಲ್ಲಿ ಆ ದಾನವನ್ನು ಮತ್ತೆ ಸ್ಥಿರಪಡಿಸಿದ. ಅದರಿಂದ ಬರುವ ಹಣ ಎಷ್ಟೆಂಬುದನ್ನು ಹೊರಗೆಡಹಬಾರದೆಂದು ಅವನ ಕೋರಿಕೆಯಿತ್ತು. ಆಸ್ಪತ್ರೆ ಅದನ್ನು ಪಾಲಿಸಿಕೊಂಡು ಬಂದಿದೆ.

ಇಲ್ಲಿ ಗಮನಿಸಬೇಕಾದ ಅಂಶ ಒಂದಿದೆ. ಬ್ಯಾರಿ ತನ್ನ ಸರ್ವಸ್ವವನ್ನೂ ಆಸ್ಪತ್ರೆಗೆ ಕೊಡಲಿಲ್ಲ. ಉಳಿದ ಆಸ್ತಿಯ ಬಹುಭಾಗ ಬಹುಕಾಲ ಅವನ ಕಾರ್ಯದರ್ಶಿಯಾಗಿದ್ದ ಸಿಂಥಿಯಾ ಆಸ್ಕ್ವಿತ್ ಎಂಬ ಮಹಿಳೆಗೆ ಸಂದಿತು. ಧರ್ಮಕ್ಕೆ ಬರೆಯುವುದೆಂದರೆ ತನ್ನವರ ಬಾಯಿಗೆ ಮಣ್ಣು ಹಾಕುವುದಲ್ಲ. ಯಾವುದು ಯಾರಿಗೆ ತಕ್ಕದ್ದೋ ಅದನ್ನು ಅವರಿಗೆ ಬಿಡುವುದೇ ವಿವೇಕ. ಮಕ್ಕಳಿಂದ ಬಂದದ್ದು ಮಕ್ಕಳಿಗೇ ಹೋಗಲೆಂದು ಅವನು ನಿರ್ಧರಿಸಿದನೆಂದು ತೋರುತ್ತದೆ.

೩. ಕಾಲದ ಗಡಿ

ಹೊಲ ಮನೆಗಳ ಒಡೆತನಕ್ಕೂ ಪುಸ್ತಕದ ಒಡೆತನಕ್ಕೂ ಒಂದು ವ್ಯತ್ಯಾಸವಿದೆ. ಹೊಲದ ಹಕ್ಕು ವಂಶಪಾರಂಪರ್ಯವಾಗಿ ನಡೆಯುತ್ತದೆ. ಗ್ರಂಥಸ್ವಾಮ್ಯಕ್ಕಾದರೋ ಕಾನೂನು ಗಡಿ ಹಾಕಿದೆ. ಆ ಗಡಿ ದಾಟಿದ ಮೇಲೆ ಪುಸ್ತಕ ಲೋಕದ ಸೊತ್ತು. ಬ್ರಿಟನ್ನಿನಲ್ಲಿ ಆಗ ಈ ಅವಧಿ ಕರ್ತೃವಿನ ಮರಣಾನಂತರ ೫೦ ವರ್ಷ. ಆದುದರಿಂದ ೧೯೮೭ರ ಡಿಸೆಂಬರ್ ೩೧ಕ್ಕೆ ‘ಪೀಟರ್ ಪ್ಯಾನ್’ ಹಕ್ಕು ಮುಗಿಯಿತು. ಐವತ್ತೆಂಟು ವರ್ಷ ನಡೆದ ದತ್ತಿಯ ಹೊಳೆ ಬತ್ತಬೇಕಾಗಿತ್ತು.

ಆಗ ಪಾರ್ಲಿಮೆಂಟಿನಲ್ಲಿ ಹೊಸ ಗ್ರಂಥಸ್ವಾಮ್ಯದ ಮಸೂದೆ ಚರ್ಚೆಯಲ್ಲಿತ್ತು. ಹಿಂದೆ ಪ್ರಧಾನಮಂತ್ರಿಯಾಗಿದ್ದ ಜೇಮ್ಸ್ ಕ್ಯಾಲಹನ್ ಲಾರ್ಡ್ಸ್ ಸಭೆಯಲ್ಲಿ ಒಂದು ತಿದ್ದುಪಡಿಯನ್ನು ತಂದರು. ಅವರ ಪತ್ನಿ ಆಡ್ರಿ ಕ್ಯಾಲಹನ್ ಈ ಆಸ್ಪತ್ರೆಯ ಆಡಳಿತದಲ್ಲಿ ಅನೇಕ ವರ್ಷ ದುಡಿದವರು. ತಿದ್ದುಪಡಿ ಅಂಗೀಕೃತವಾಗಿ ೧೯೮೮ರ ಕಾಯಿದೆಯ ೩೦೧ನೆಯ ಕಲಮಿನಲ್ಲಿಯೂ ೬ನೆಯ ಅನುಸೂಚಿಯಲ್ಲಿಯೂ ಸೇರಿತು. ಅದರ ಪ್ರಕಾರ ಬ್ರಿಟನ್ನಿನಲ್ಲಿ ಆ ನಾಟಕವನ್ನು ಆಡಿದರೂ, ವ್ಯಾಪಾರಕ್ಕಾಗಿ ಅಚ್ಚುಹಾಕಿದರೂ, ಪ್ರಸಾರಮಾಡಿದರೂ ಆಸ್ಪತ್ರೆಗೆ ರಾಯಲ್ಟಿ ಸಲ್ಲಬೇಕು. ಈ ಹಕ್ಕಿಗೆ ಕಾಲಮಿತಿ ಇಲ್ಲ. ನಮ್ಮ ಶಾಸನಗಳ ಭಾಷೆಯಲ್ಲಿ ಹೇಳುವುದಾದರೆ ಅದು ಆಚಂದ್ರಾರ್ಕ.

ಆದರೆ ಪಾರ್ಲಿಮೆಂಟು ಕಣ್ಣು ಮುಚ್ಚಿ ಕೊಡಲಿಲ್ಲ. ಆಸ್ಪತ್ರೆಗೆ ದೊರೆತದ್ದು ಹಣ ಪಡೆಯುವ ಹಕ್ಕು ಮಾತ್ರ. ನಾಟಕವನ್ನು ಆಡಬೇಡವೆನ್ನುವ ಹಕ್ಕಲ್ಲ. ಈ ಹಕ್ಕನ್ನು ಆಸ್ಪತ್ರೆ ಮತ್ತೊಬ್ಬರಿಗೆ ಮಾರುವಂತಿಲ್ಲ, ಅಡವಿಡುವಂತಿಲ್ಲ. ಹಾಗೆ ಮಾಡಹೊರಟರೆ ಅದು ಅಲ್ಲಿಗೇ ಬಿದ್ದುಹೋಗುತ್ತದೆ. ಆಸ್ಪತ್ರೆಯು ತನ್ನ ಪ್ರತ್ಯೇಕ ಅಸ್ತಿತ್ವವನ್ನು ಕಳೆದುಕೊಂಡರೂ, ರೋಗಿ ಮಕ್ಕಳ ಶುಶ್ರೂಷೆ ಅದರ ಉದ್ದೇಶವಾಗಿರದಿದ್ದರೂ ಹಕ್ಕು ಮುಗಿಯುತ್ತದೆ. ಎಂದರೆ ಹಕ್ಕು ಕಟ್ಟಡಕ್ಕೆ ಅಂಟಿಲ್ಲ, ಕೆಲಸಕ್ಕೆ ಅಂಟಿದೆ. ಹಳೆಯ ಕಾಲದ ಶಾಪವಾಕ್ಯ ಮಾಡಬೇಕೆಂದು ಬಯಸಿದ್ದನ್ನು ಈ ಕಾನೂನಿನ ಮೂರು ಸಾಲು ಮಾಡಿವೆ.

ಮುಂದೆ ಯೂರೋಪಿನ ಕಾನೂನಿನಂತೆ ಅವಧಿ ೭೦ ವರ್ಷಕ್ಕೆ ಏರಿದುದರಿಂದ ಪೂರ್ಣ ಗ್ರಂಥಸ್ವಾಮ್ಯವು ಮತ್ತೆ ಜೀವ ಪಡೆದು ೨೦೦೭ರ ಕೊನೆಯವರೆಗೆ ನಡೆಯಿತು. ಅಮೆರಿಕದಲ್ಲಿ ನಾಟಕದ ಹಕ್ಕು ೨೦೨೩ರ ಕೊನೆಗೆ ಮುಗಿಯಿತು. ಈಗ ಬ್ರಿಟನ್ನಿನ ವಿಶೇಷ ಹಕ್ಕು ಉಳಿದಿದೆ.

ಒಂದು ಕೃತಿಗೆ ಹೀಗೆ ಅನಂತಕಾಲದ ಹಕ್ಕು ಕೊಡುವುದು ಸರಿಯೆ ಎಂದು ಕೇಳುವವರಿದ್ದಾರೆ. ಪ್ರಶ್ನೆ ಅಲ್ಲಗಳೆಯುವಂಥದಲ್ಲ. ಪ್ರತಿಯೊಂದು ಒಳ್ಳೆಯ ಸಂಸ್ಥೆಯೂ ತನಗೊಂದು ಪುಸ್ತಕವನ್ನು ಶಾಶ್ವತವಾಗಿ ಕೊಡಿರೆಂದು ಬಂದು ನಿಂತರೆ ಲೋಕದ ಪುಸ್ತಕಭಂಡಾರಕ್ಕೆ ಬೀಗ ಬೀಳುತ್ತದೆ. ನಮ್ಮ ದೇಶದಲ್ಲಿಯೂ ಇಂಥದೇ ಸಂದರ್ಭ ಒದಗಿತ್ತು. ರವೀಂದ್ರನಾಥ ಠಾಕೂರರ ಕೃತಿಗಳ ಹಕ್ಕು ವಿಶ್ವಭಾರತಿಗೆ ಸೇರಿತ್ತು. ಕವಿಗಳು ೧೯೪೧ರಲ್ಲಿ ತೀರಿಕೊಂಡುದರಿಂದ ಅದು ೧೯೯೧ರ ಕೊನೆಗೆ ಮುಗಿಯಬೇಕಾಗಿತ್ತು. ಆಗ ನಮ್ಮ ಸರ್ಕಾರ ಅವಧಿಯನ್ನು ೫೦ರಿಂದ ೬೦ ವರ್ಷಕ್ಕೆ ಏರಿಸಿತು. ೧೯೯೨ರಲ್ಲಿ ಅದು ಕಾಯಿದೆಯಾಯಿತು. ಬ್ರಿಟನ್ ಒಂದು ಆಸ್ಪತ್ರೆಗೆ ಮಾತ್ರ ಬಾಗಿಲು ತೆರೆಯಿತು. ನಾವು ಎಲ್ಲ ಗ್ರಂಥಕರ್ತರಿಗೂ ಹತ್ತು ವರ್ಷ ಕೊಟ್ಟೆವು. ಬ್ರಿಟನ್ನಿನ ಮಾರ್ಗದಲ್ಲಿ ಪಕ್ಷಪಾತವಿದೆ, ಆದರೆ ಹಾನಿ ಕಡಮೆ. ನಮ್ಮದರಲ್ಲಿ ಸಮಾನತೆಯಿದೆ, ಆದರೆ ಎಲ್ಲ ಓದುಗರೂ ಹತ್ತು ವರ್ಷ ಕಾಯಬೇಕಾಯಿತು. ಆಡಲು ಯಾರಿಗೂ ಅಡ್ಡಿಯಿಲ್ಲದೆ, ಆಡಿ ಗಳಿಸಿದವನು ರೋಗಿ ಮಗುವಿಗೆ ಒಂದು ಪಾಲು ಕೊಡಲಿ ಎನ್ನುವ ಏರ್ಪಾಡು ನನ್ನ ಮಟ್ಟಿಗೆ ನ್ಯಾಯವಾಗಿಯೇ ಕಾಣುತ್ತದೆ. ಆದರೆ ಅದು ಅಪವಾದವಾಗಿಯೇ ಇರಬೇಕು, ನಿಯಮವಾಗಬಾರದು.

ಅರ್ಥಶಾಸ್ತ್ರದ ದೃಷ್ಟಿಯಿಂದಲೂ ಈ ದಾನ ಜಾಣತನದ್ದು. ಒಬ್ಬನು ಒಂದು ಲಕ್ಷ ರೂಪಾಯಿ ದತ್ತಿಯಿಟ್ಟು ಅದರ ಬಡ್ಡಿಯನ್ನು ಮಾತ್ರ ಖರ್ಚುಮಾಡಿ ಎಂದು ಬರೆದನೆನ್ನಿ. ಶೇಕಡ ಆರರಂತೆ ವರ್ಷಕ್ಕೆ ಆರು ಸಾವಿರ ಬರುತ್ತದೆ. ಬೆಲೆಗಳೂ ವರ್ಷಕ್ಕೆ ಶೇಕಡ ಆರರಂತೆ ಏರಿದರೆ ಹನ್ನೆರಡು ವರ್ಷಗಳಲ್ಲಿ ಆ ಆರು ಸಾವಿರದ ಕೊಳ್ಳುವ ಶಕ್ತಿ ಮೂರು ಸಾವಿರಕ್ಕೆ ಇಳಿಯುತ್ತದೆ. ಹಿಂದೆ ಒಂದು ವಾರ್ಡಿಗೆ ಸಾಕಾಗುತ್ತಿದ್ದ ದತ್ತಿ ಈಗ ಒಂದು ಹಾಸಿಗೆಗೂ ಸಾಲದೆ ಗೋಡೆಯ ಮೇಲಣ ಹೆಸರಾಗಿ ಮಾತ್ರ ಉಳಿಯುವುದು ಹೀಗೆಯೇ. ಆದರೆ ರಾಯಲ್ಟಿಯೆಂಬುದು ಟಿಕೇಟಿನ ಬೆಲೆ ಏರಿದಂತೆ ತಾನೂ ಏರುತ್ತದೆ. ನಾಟಕ ಜನರಿಗೆ ಬೇಕಾಗಿರುವ ತನಕ ಅದು ಕರಗದ ಇಡುಗಂಟು.

೪. ಒಂದು ರೋಗ, ಒಂದು ನೆನಪು

ದಾನಿ ತನಗೆ ತಿಳಿಯದ ಕಾಲಕ್ಕಾಗಿ ಕೊಡುತ್ತಾನೆಂದು ಮೊದಲೇ ಹೇಳಿದೆ. ಇದಕ್ಕೆ ನಮ್ಮ ದೇಶದ ಒಂದು ನಿದರ್ಶನವಿದೆ. ಮುಂಬಯಿಯ ಸರ್ ದೊರಾಬ್ಜಿ ತಾತಾ ಅವರ ಪತ್ನಿ ಮೆಹರ್ಬಾಯಿ ೧೯೩೧ರಲ್ಲಿ ಲ್ಯೂಕೀಮಿಯಾ ಎಂಬ ರಕ್ತದ ಕ್ಯಾನ್ಸರಿನಿಂದ ತೀರಿಕೊಂಡರು. ದೊರಾಬ್ಜಿ ೧೯೩೨ರಲ್ಲಿ ಪತ್ನಿಯ ಹೆಸರಿನಲ್ಲಿ ಆ ರೋಗದ ಸಂಶೋಧನೆಗೆಂದು ಒಂದು ಟ್ರಸ್ಟನ್ನು ಮಾಡಿದರು. ತಮ್ಮ ಸಂಪತ್ತನ್ನು ಮತ್ತೊಂದು ಟ್ರಸ್ಟಿಗೆ ಒಪ್ಪಿಸಿ ಅದೇ ವರ್ಷ ತೀರಿಕೊಂಡರು. ಆ ಟ್ರಸ್ಟಿನಿಂದಲೇ ಮುಂಬಯಿಯ ತಾತಾ ಸ್ಮಾರಕ ಆಸ್ಪತ್ರೆ ೧೯೪೧ರಲ್ಲಿ ತೆರೆಯಿತು. ತಾತಾ ಮನೆತನದ ಇಂಥ ದಾನವೊಂದರ ಫಲವೇ ನಮ್ಮ ಬೆಂಗಳೂರಿನ ವಿಜ್ಞಾನಮಂದಿರ. ಜಮ್‌ಶೇಟ್‌ಜಿ ತಾತಾ ಅದಕ್ಕಾಗಿ ಆಸ್ತಿಯನ್ನು ಮೀಸಲಿಟ್ಟು, ಅದನ್ನು ಕಣ್ಣಾರೆ ಕಾಣದೆ ೧೯೦೪ರಲ್ಲಿಯೇ ತೀರಿಕೊಂಡಿದ್ದರು.

ಲ್ಯೂಕೀಮಿಯಾ ಮಕ್ಕಳಲ್ಲಿ ಕಾಣುವ ಕ್ಯಾನ್ಸರುಗಳಲ್ಲಿ ಬಹಳ ಸಾಮಾನ್ಯವಾದುದು. ದೊರಾಬ್ಜಿ ಹಣವಿಟ್ಟ ಕಾಲದಲ್ಲಿ ಅದರ ತೀವ್ರರೂಪಕ್ಕೆ ಮದ್ದೇ ಇರಲಿಲ್ಲ. ೧೯೪೮ರಲ್ಲಿ ಬಾಸ್ಟನ್ನಿನ ಸಿಡ್ನಿ ಫಾರ್ಬರ್ ಎಂಬ ವೈದ್ಯನು ಅಮಿನಾಪ್ಟರಿನ್ ಎಂಬ ಔಷಧದಿಂದ ಕೆಲವು ಮಕ್ಕಳಲ್ಲಿ ರೋಗ ತಾತ್ಕಾಲಿಕವಾಗಿ ಹಿಂಜರಿದುದನ್ನು ಪ್ರಕಟಿಸಿದ. ಆ ಔಷಧ ತಯಾರಾದದ್ದು ಆಂಧ್ರದಲ್ಲಿ ಹುಟ್ಟಿ ಅಮೆರಿಕದಲ್ಲಿ ದುಡಿಯುತ್ತಿದ್ದ ಯೆಲ್ಲಾಪ್ರಗಡ ಸುಬ್ಬರಾವ್ ಅವರ ನೇತೃತ್ವದ ಸಂಶೋಧನಾಲಯದಲ್ಲಿ. ಅಲ್ಲಿಂದ ಮೊದಲಾಗಿ ಒಂದೊಂದೇ ಔಷಧ ಕೂಡಿಕೊಂಡು ಬಂದಿತು.

ಇಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುವಂತೆ, ಶ್ರೀಮಂತ ದೇಶಗಳಲ್ಲಿ ಕ್ಯಾನ್ಸರ್ ತಗುಲಿದ ಮಕ್ಕಳಲ್ಲಿ ಶೇಕಡ ೮೦ಕ್ಕಿಂತ ಹೆಚ್ಚು ಮಂದಿ ಗುಣಹೊಂದುತ್ತಾರೆ. ಅನೇಕ ಬಡ ದೇಶಗಳಲ್ಲಿ ಶೇಕಡ ೩೦ಕ್ಕಿಂತಲೂ ಕಡಮೆ. ಈ ಎರಡು ಅಂಕಿಗಳ ನಡುವೆ ಇರುವುದು ವಿಜ್ಞಾನದ ಅಂತರವಲ್ಲ. ರೋಗವನ್ನು ಗುರುತಿಸುವುದು ತಡವಾಗುತ್ತದೆ, ಔಷಧ ಸಿಕ್ಕುವುದಿಲ್ಲ, ಹಳ್ಳಿಯ ಕೂಲಿಕಾರನೊಬ್ಬ ತಿಂಗಳುಗಟ್ಟಲೆ ಪಟ್ಟಣದಲ್ಲಿದ್ದು ಮಗುವಿಗೆ ಚಿಕಿತ್ಸೆ ಕೊಡಿಸಲಾರದೆ ನಡುವೆಯೇ ಊರಿಗೆ ಹಿಂದಿರುಗುತ್ತಾನೆ. ಬಸ್ಸಿನ ಖರ್ಚು, ಇಳಿದುಕೊಳ್ಳಲು ಒಂದು ಕೋಣೆ, ಎರಡು ಹೊತ್ತಿನ ಊಟ, ಇವು ಯಾವ ವೈದ್ಯಗ್ರಂಥದಲ್ಲಿಯೂ ಔಷಧವೆಂದು ಬರೆದಿಲ್ಲ. ಆದರೆ ಇವಿಲ್ಲದೆ ಔಷಧ ಕೆಲಸ ಮಾಡದು. ಸಣ್ಣ ದತ್ತಿಗೂ ಇಲ್ಲಿ ದೊಡ್ಡ ಕೆಲಸವಿದೆ.

೫. ನಮ್ಮಲ್ಲಿ ಬರೆಯುವ ಬಗೆ

ಸದುದ್ದೇಶವೊಂದೇ ಸಾಲದು. ನಮ್ಮೂರಿನಲ್ಲಿ ನಾನು ಬಲ್ಲ ಒಬ್ಬ ವೃದ್ಧೆಯಿದ್ದರು. ಊರಿಗೆಲ್ಲ ಅವರು ಅಜ್ಜಿ. ಅವರ ಮೊಮ್ಮಗು ಹೃದಯದ ಕಾಯಿಲೆಯಿಂದ ತೀರಿಹೋಗಿತ್ತು. ತನ್ನ ಬಳೆಗಳೂ ಎರಡು ಎಕರೆ ಜಮೀನೂ ಅಂಥ ಮಕ್ಕಳ ಆಸ್ಪತ್ರೆಗೇ ಹೋಗಬೇಕೆಂದು ಅವರು ಜಗುಲಿಯ ಮೇಲೆ ಕುಳಿತು ಬಂದವರಿಗೆಲ್ಲ ಹೇಳುತ್ತಿದ್ದರು. ಅವರು ತೀರಿಕೊಂಡ ಮೇಲೆ ವಾರಸುದಾರರು ಆಸ್ತಿಯನ್ನು ಹಂಚಿಕೊಂಡರು. ಅವರು ಕೆಟ್ಟವರಲ್ಲ. “ಅಜ್ಜಿ ಹೇಳಿದ್ದು ನಿಜವಪ್ಪ, ಆದರೆ ಬರೆದಿಟ್ಟಿಲ್ಲವಲ್ಲ” ಎಂದು ಅವರಲ್ಲೊಬ್ಬರು ನನಗೆ ಹೇಳಿದರು. ಮಾತು ಎಲ್ಲರಿಗೂ ಕೇಳಿಸಿತ್ತು, ಕಾನೂನಿಗೆ ಕೇಳಿಸಲಿಲ್ಲ.

ಕಾನೂನು ಕೇಳುವುದು ಬಹಳವೇನೂ ಅಲ್ಲ. ೧೯೨೫ರ ಭಾರತೀಯ ಉತ್ತರಾಧಿಕಾರ ಕಾಯಿದೆಯ ಪ್ರಕಾರ ಉಯಿಲು ಬರೆಯುವವನು ವಯಸ್ಸಿಗೆ ಬಂದವನೂ ಸ್ವಸ್ಥಬುದ್ಧಿಯವನೂ ಆಗಿರಬೇಕು. ಬರಹಕ್ಕೆ ರುಜುವನ್ನಾಗಲಿ ಹೆಬ್ಬೆಟ್ಟಿನ ಗುರುತನ್ನಾಗಲಿ ಹಾಕಬೇಕು. ಕನಿಷ್ಠ ಇಬ್ಬರು ಸಾಕ್ಷಿಗಳು ರುಜು ಮಾಡಬೇಕು. ಛಾಪಾಕಾಗದ ಬೇಕಿಲ್ಲ. ನೋಂದಣಿ ಕಡ್ಡಾಯವಲ್ಲ, ಆದರೆ ಮಾಡಿಸಿದರೆ ಮುಂದಿನ ತಕರಾರಿಗೆ ಎಡೆ ಕಡಮೆ. ಪಾಲು ಪಡೆಯುವವನನ್ನೇ ಸಾಕ್ಷಿಯಾಗಿ ನಿಲ್ಲಿಸದಿರುವುದು ಕ್ಷೇಮ. ಬದುಕಿರುವ ತನಕ ಉಯಿಲನ್ನು ಬದಲಾಯಿಸಬಹುದು, ರದ್ದುಮಾಡಬಹುದು. ಹಿಂದೂ ಆದವನು ತನಗೆ ಸೇರಿದ ಪಾಲನ್ನು ಮಾತ್ರ ಬರೆಯಬಲ್ಲ. ಮುಸ್ಲಿಂ ಧರ್ಮಶಾಸ್ತ್ರದಂತೆ ವಾರಸುದಾರರ ಒಪ್ಪಿಗೆಯಿಲ್ಲದೆ ಆಸ್ತಿಯ ಮೂರನೆಯ ಒಂದು ಭಾಗವನ್ನು ಮೀರಿ ಉಯಿಲಿನಿಂದ ಕೊಡುವಂತಿಲ್ಲ. ಕ್ರೈಸ್ತರು ಧರ್ಮಕಾರ್ಯಕ್ಕೆ ಬರೆಯುವುದಕ್ಕೆ ಅದೇ ಕಾಯಿದೆಯ ೧೧೮ನೆಯ ಕಲಮು ಕಠಿಣ ನಿರ್ಬಂಧ ಹಾಕಿತ್ತು. ೨೦೦೩ರಲ್ಲಿ ಸರ್ವೋಚ್ಚ ನ್ಯಾಯಾಲಯ ಅದನ್ನು ಸಮಾನತೆಗೆ ವಿರುದ್ಧವೆಂದು ತೆಗೆದುಹಾಕಿತು.

ಕೊಡುವ ಉದ್ದೇಶವನ್ನು ಅತಿಯಾಗಿ ಇಕ್ಕಟ್ಟು ಮಾಡಬಾರದು. ನೂರು ವರ್ಷದ ಹಿಂದೆ ಒಬ್ಬನು ಸಿಡುಬು ತಗುಲಿದ ಮಕ್ಕಳಿಗೆ ಮಾತ್ರ ಎಂದು ದತ್ತಿಯಿಟ್ಟಿದ್ದರೆ ಇಂದು ಅದು ಯಾರಿಗೂ ಸಲ್ಲದು. ಸಿಡುಬು ಲೋಕದಿಂದಲೇ ತೊಲಗಿತೆಂದು ೧೯೮೦ರಲ್ಲಿ ಸಾರಿದ್ದಾಗಿದೆ. ಇಂಥ ಸಂದರ್ಭದಲ್ಲಿ ಮೂಲ ಉದ್ದೇಶಕ್ಕೆ ಅತಿ ಹತ್ತಿರವಾದ ಕಾರ್ಯಕ್ಕೆ ಹಣವನ್ನು ತಿರುಗಿಸಲು ನ್ಯಾಯಾಲಯಕ್ಕೆ ಅಧಿಕಾರವಿದೆಯಾದರೂ ಅದು ದಾವೆ ಹೂಡಿ ನಡೆಸಬೇಕಾದ ದಾರಿ. ‘ಕಠಿಣ ರೋಗದಿಂದ ನರಳುವ ಬಡ ಮಕ್ಕಳ ಚಿಕಿತ್ಸೆಗೆ’ ಎಂದು ಬರೆದರೆ ಕಾಲ ಬದಲಾದರೂ ದತ್ತಿ ಬದುಕುತ್ತದೆ. ಸಂಸ್ಥೆಯ ಪೂರ್ಣ ಹೆಸರನ್ನೂ, ಅದು ಇಲ್ಲವಾದರೆ ಮುಂದೆ ಯಾರಿಗೆ ಎಂಬುದನ್ನೂ, ಉಯಿಲನ್ನು ನಡೆಸಿಕೊಡುವವರ ಹೆಸರನ್ನೂ ಬರೆಯಬೇಕು. ಮನೆಯವರಿಗೆ ಮೊದಲೇ ತಿಳಿಸಬೇಕು. ಉಯಿಲು ತೆರೆದಾಗ ಬೆರಗಾದ ಮಗನೇ ನಾಳೆ ಕೋರ್ಟಿಗೆ ಹೋಗುವವನು.

೬. ಉಪಸಂಹಾರ

ಮೇಲಿನ ಕಥೆಗಳಿಂದ ನಾನು ಕಂಡುಕೊಂಡದ್ದು ಇಷ್ಟು. ಉಳಿಯುವ ದತ್ತಿಗೆ ಮೂರು ಲಕ್ಷಣಗಳಿವೆ. ಅದು ಸ್ಪಷ್ಟವಾದ ಬರಹದಲ್ಲಿರುತ್ತದೆ. ಅದರ ಉದ್ದೇಶ ದೃಢವಾಗಿದ್ದು, ಮಾರ್ಗ ಸಡಿಲವಾಗಿರುತ್ತದೆ. ದಾನಿಯು ಕಣ್ಮರೆಯಾದ ಮೇಲೆ ಅದನ್ನು ತಮ್ಮದೆಂದು ಕಾಯುವ ಜನರಿರುತ್ತಾರೆ. ಬ್ಯಾರಿ ಸತ್ತು ಐವತ್ತು ವರ್ಷದ ಮೇಲೆ ಅವನ ದಾನವನ್ನು ಉಳಿಸಲು ಸಭೆಯಲ್ಲಿ ಎದ್ದು ನಿಂತವರು ಅವನ ವಂಶದವರಲ್ಲ.

ನಾವು ವಿದ್ಯಾರ್ಥಿಗಳು, ಬರೆದಿಡಲು ನಮ್ಮಲ್ಲಿ ಆಸ್ತಿಯಿಲ್ಲ, ಉಯಿಲಿನ ಯೋಚನೆಗೆ ವಯಸ್ಸೂ ಅಲ್ಲವೆಂದು ಗೆಳೆಯರು ನಗಬಹುದು. ಆದರೆ ಅಜ್ಜಿಯಂಥವರು ಪ್ರತಿಯೊಂದು ಊರಿನಲ್ಲಿಯೂ ಇದ್ದಾರೆ. ಅವರಿಗೆ ಮನಸ್ಸಿದೆ, ಬರೆಯುವ ಕೈ ಬೇಕಾಗಿದೆ. ಈ ರಜೆಯಲ್ಲಿ ನಮ್ಮ ನಮ್ಮ ಹಳ್ಳಿಗೆ ಹೋದಾಗ ಅಂಥ ಹಿರಿಯರೊಬ್ಬರ ಬಳಿ ಕುಳಿತು, ಅವರ ಇಚ್ಛೆಯನ್ನು ಅವರ ಮಾತಿನಲ್ಲಿಯೇ ಕಾಗದಕ್ಕೆ ಇಳಿಸಿ, ವಕೀಲರೊಬ್ಬರಿಗೆ ತೋರಿಸಿ, ಇಬ್ಬರು ಸಾಕ್ಷಿಗಳ ರುಜು ಹಾಕಿಸುವಷ್ಟು ಕೆಲಸವನ್ನು ಬಿ.ಎ. ತರಗತಿಯ ವಿದ್ಯಾರ್ಥಿ ಮಾಡಬಲ್ಲ. ಅದರ ಫಲ ಯಾವ ಮಗುವಿಗೆ ಸಲ್ಲುವುದೋ ನಮಗೆ ತಿಳಿಯದು. ತಿಳಿಯಬೇಕಾದ ಅಗತ್ಯವೂ ಇಲ್ಲ.